ಗೋಡೆ ಹತ್ತದ ಹಲ್ಲಿ

ನಿಟ್ಟುವಳ್ಳಿಯ ಕೆಂಚಣ್ಣನಿಗೆ ಈ ಲೋಕದಲ್ಲಿ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ: ಮರಳು ಎಷ್ಟು ಕಾದಿದೆ ಎಂದು ಹೇಳುವುದು. ಮಂಡಕ್ಕಿ ಭಟ್ಟಿಯ ಬಾಂಡ್ಲಿಯ ಮೇಲೆ ಗೇಣೆತ್ತರದಲ್ಲಿ ಅಂಗೈ ಹಿಡಿದು, ಕಣ್ಣು ಕಿರಿದು ಮಾಡಿ, "ಈಗ ಸುರೀರಿ" ಎಂದರೆ ಸುರಿಯಬೇಕು. ಉಪ್ಪುನೀರು ಕುಡಿದು ಒಣಗಿದ ಅಕ್ಕಿ ಆ ಗಳಿಗೆಗೆ ಬಿದ್ದರೆ ಬುರಬುರನೆ ಅರಳುತ್ತದೆ. ತುಸು ಮೊದಲಾದರೆ ಹಲ್ಲು ಮುರಿಯುವಷ್ಟು ಗಟ್ಟಿ, ತುಸು ತಡವಾದರೆ ಕರಕಲು. ಹದಿನೆಂಟಕ್ಕೆ ಭಟ್ಟಿ ಸೇರಿದವನಿಗೆ ಈಗ ಐವತ್ತೆಂಟು. ದಾವಣಗೆರೆಯ ಜನ ಸಂಜೆ ಖಾರಮಂಡಕ್ಕಿಯ ಮುಂದೆ ಕೂತು ಮೆಣಸಿನಕಾಯಿ ಬಜ್ಜಿ ಕಚ್ಚುತ್ತ ರಾಜಕೀಯ ಬಿಡಿಸುವಾಗ ಅದರ ಹಿಂದೆ ಈ ಅಂಗೈ ಇದೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗಲಿ ಎಂದು ಅವನೂ ಹಂಬಲಿಸಿದವನಲ್ಲ.

ಭಟ್ಟಿ ರಶೀದಾಳದು. ಗಂಡ ತೀರಿಕೊಂಡ ಮೇಲೆ ಹೊಗೆಯ ನಡುವೆ ತಾನೇ ನಿಂತು ನಡೆಸುತ್ತಿದ್ದ ಗಟ್ಟಿ ಹೆಂಗಸು. ಶುಕ್ರವಾರ ಮಧ್ಯಾಹ್ನ ಭಟ್ಟಿಗೆ ರಜೆ. ಕೆಂಚಣ್ಣ ಮಾತ್ರ ಸೋಮವಾರವೂ ಕೆಲಸಕ್ಕೆ ಬರುತ್ತಿರಲಿಲ್ಲ. ಅವನ ಹುಟ್ಟೂರು ಕೊಕ್ಕನೂರಿನಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಕರಗಿತು, ಎತ್ತು ಹೋದವು, ಪದ್ಧತಿಯೊಂದು ಉಳಿಯಿತು.

"ಎತ್ತಿಗೆ ರಜಾ ಸರಿ ಕೆಂಚಣ್ಣ, ನಿನಗ್ಯಾಕ?" ಎಂದು ರಶೀದಾ ಛೇಡಿಸುತ್ತಿದ್ದಳು.

"ನಾನೂ ಎತ್ತೇ ಅಲ್ಲೇನು ರಶೀದಕ್ಕ? ಕೊಂಬೊಂದಿಲ್ಲ, ಅಷ್ಟೇ."

ಅವನಿಗೆ ಒಬ್ಬಳೇ ಮಗಳು, ಪ್ರೇಮಲತಾ. ಪ್ರಾಣಿಶಾಸ್ತ್ರ ಓದಿ ಹರಿಹರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಆರು ವರ್ಷ ಪಾಠ ಮಾಡಿದರೂ ಸರ್ಕಾರದ ಲೆಕ್ಕದಲ್ಲಿ ಅವಳು ಅತಿಥಿಯೇ. ದಿನಾ ಬೆಳಿಗ್ಗೆ ಅವಳು ಹರಿಹರದ ಬಸ್ಸಿಗೆ ಹೊರಡುವಾಗ ಕೆಂಚಣ್ಣನ ಹೆಂಡತಿ ಉಚ್ಚೆಂಗೆಮ್ಮ ಮಗಳ ಟಿಫಿನ್ ಡಬ್ಬಿ ಚೀಲಕ್ಕೆ ತುರುಕಿ, "ಅತಿಥಿಗೆ ಅವರೇ ಊಟ ಹಾಕಬೇಕಪ್ಪ, ಇವಳು ಬುತ್ತಿ ಹೊತ್ಕಂಡು ಹೋಗ್ತಾಳೆ" ಎಂದು ಗೊಣಗುತ್ತಿದ್ದಳು.

ಆ ಮಗಳು ಒಂದು ದಿನ ಹಲ್ಲಿ ಹಿಡಿದುಕೊಂಡು ಮನೆಗೆ ಬಂದಳು. ಓದು ಮುಗಿಸಿ ಊರಿಗೆ ಹೊರಟ ಯಾರೋ ಹಾಸ್ಟೆಲ್ ಹುಡುಗಿ ಸಾಕಲಾರದೆ ಬಿಟ್ಟದ್ದಂತೆ. ಆಫ್ರಿಕಾ ಸೀಮೆಯ ಹಲ್ಲಿ. ಗೇಣುದ್ದ, ಬೆಲ್ಲದ ಬಣ್ಣ, ಮೈಮೇಲೆ ಅಡ್ಡಡ್ಡ ಕೆನೆ ಪಟ್ಟೆ, ಬಾಲ ಮಾತ್ರ ಎಳೆ ಬದನೆಕಾಯಿಯ ಹಾಗೆ ದುಂಡಗೆ. ಗೋಡೆ ಹತ್ತಲು ಬರುವುದಿಲ್ಲ, ಲೊಚಗುಟ್ಟುವುದಿಲ್ಲ. ಹಗಲೆಲ್ಲ ಗಾಜಿನ ಪೆಟ್ಟಿಗೆಯೊಳಗೆ ಕುಡಿಕೆಯ ಕೆಳಗೆ ಬಿದ್ದಿದ್ದು ದೀಪ ಹಚ್ಚುವ ಹೊತ್ತಿಗೆ ಮೂತಿ ಹೊರಗೆ ಹಾಕುತ್ತಿತ್ತು. ಪ್ರೇಮಲತಾ ಅದಕ್ಕೆ ಬೆಲ್ಲ ಎಂದೇ ಹೆಸರಿಟ್ಟಳು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ" ಎಂದಳು ಉಚ್ಚೆಂಗೆಮ್ಮ. "ಈ ಹೆಗ್ಗಣಕ್ಕೆ ಹಲ್ಲಿ ಮುದ್ದು ನೋಡ್ರಿ."

ಕೆಂಚಣ್ಣ ನಕ್ಕ. ಆದರೆ ಆ ಗಾಜಿನ ಪೆಟ್ಟಿಗೆಯನ್ನು ನೋಡಿದಾಗೆಲ್ಲ ಅವನ ಮನಸ್ಸಿನಲ್ಲಿ ಒಂದು ಮುಳ್ಳು ಅಲುಗುತ್ತಿತ್ತು. ಮಗಳು ಪೆಟ್ಟಿಗೆಯ ತಳಕ್ಕೆ ಹಳೆ ನ್ಯೂಸ್‌ಪೇಪರ್ ಹಾಸಿದ್ದಳು. ಒಣ ಸೀಮೆಯ ಪ್ರಾಣಿ ಅದು, ಮರಳು ಹಾಸಬೇಕಲ್ಲವೇ? ತುಂಗಭದ್ರೆಯ ಸಣ್ಣ ಮರಳು, ನಲವತ್ತು ಸಲ ಜರಡಿ ಹಿಡಿದು ಹಿಟ್ಟಿನಂತಾದದ್ದು, ಅಪ್ಪನ ಭಟ್ಟಿಯಲ್ಲಿ ಗುಡ್ಡೆ ಬಿದ್ದಿದೆ. ಒಂದು ಮಾತು ಕೇಳಲಿಲ್ಲ. ಪಿಯುಸಿ ಓದುವಾಗ ಒಮ್ಮೆ ಅವಳು, "ಅಪ್ಪ, ಕಾಲೇಜಿಗೆ ಬರೋವಾಗ ಭಟ್ಟಿ ಅಂಗಿ ಹಾಕ್ಕಂಡು ಬರಬ್ಯಾಡ, ಹೊಗೆ ವಾಸ್ನೆ ಅಂತ ಎಲ್ರೂ ನಗ್ತಾರೆ" ಎಂದಿದ್ದಳು. ಹದಿನಾರರ ಹುಡುಗಿಯ ಮಾತು, ಅವಳು ಅಂದೇ ಮರೆತಳು. ಇವನು ಮರೆಯಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ, ಕೇಳಲಿಲ್ಲ, ಭಟ್ಟಿಯದು ಅಂತ ನಾಚಿಕೆ ಇರಬೇಕು ಎಂದುಕೊಂಡು ಸುಮ್ಮನಾದ. ಬಾಯಿ ಬಿಟ್ಟು ಕೇಳಿದ್ದರೆ ಎರಡು ನಿಮಿಷದಲ್ಲಿ ಬಗೆಹರಿಯುವ ಸಂಗತಿ. ಅಪ್ಪಂದಿರು ಕೇಳುವುದಿಲ್ಲ, ಅದೇ ಅವರ ದೊಡ್ಡಸ್ತಿಕೆ.

ಹೋದ ವರ್ಷ ಅಕ್ಟೋಬರಿನಲ್ಲಿ ಪ್ರೇಮಲತಾಗೆ ಡೆಂಗಿ ಜ್ವರ ಬಂತು. ಒಂಬತ್ತನೆಯ ದಿನ ಹೋದಳು. ಅವಳಿಗೆ ಮೂವತ್ತೊಂದು. ಕೊಕ್ಕನೂರಿನಲ್ಲಿ ಉಳಿದಿದ್ದ ಅಂಗೈಯಗಲದ ನೆಲದಲ್ಲಿ ಮಣ್ಣು ಮಾಡಿದರು. ಅದರ ಬಗ್ಗೆ ಇನ್ನೇನು ಹೇಳುವುದು.

ಮಾತಾಡಿಸಲು ಬಂದ ಹೆಂಗಸರ ಕಣ್ಣು ಮೂಲೆಯ ಪೆಟ್ಟಿಗೆಯ ಮೇಲೆ ಬಿತ್ತು. ಹಲ್ಲಿ ತಲೆಗೆ ಬಿದ್ದರೆ ಏನು, ಎಡಭುಜಕ್ಕೆ ಬಿದ್ದರೆ ಏನು ಎಂದು ಪಂಚಾಂಗದಲ್ಲಿ ಬರೆದಿರುತ್ತದೆ. ಸಾಕಿದರೆ ಏನು ಎಂದು ಯಾವ ಪಂಚಾಂಗದಲ್ಲೂ ಇಲ್ಲ, ಯಾಕೆಂದರೆ ಅಂಥ ಕೆಲಸ ಯಾರೂ ಮಾಡಿರಲಿಲ್ಲ. ಪಕ್ಕದ ಮನೆಯ ಮೈಲಮ್ಮನೇ ಆ ಶಾಸ್ತ್ರ ಹೊಸದಾಗಿ ಕಟ್ಟಿದಳು: "ಮನೆಯಾಗೆ ಹಲ್ಲಿ ಸಾಕಿದ್ರೆ ಉಳಿತದೇನವ್ವಾ ಮನೆ?" ಅವತ್ತಿನಿಂದ ಉಚ್ಚೆಂಗೆಮ್ಮ ಆ ಮೂಲೆಯ ಕಡೆ ಮುಖ ಹಾಕುವುದನ್ನು ಬಿಟ್ಟಳು.

"ಆ ಪರದೇಶೀನ ಹೊಳಿಗೆ ಬಿಟ್ಟು ಬರ್ರಿ" ಎಂದಳು ಗಂಡನಿಗೆ. "ನನ್ನ ಕಣ್ಣ ಮುಂದೆ ಬ್ಯಾಡ."

ಅವನಿಗೂ ಎದುರಾಡುವ ಶಕ್ತಿ ಇರಲಿಲ್ಲ. ಮಂಡಕ್ಕಿ ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು, ಹಲ್ಲಿಯನ್ನು ಅದರಲ್ಲಿ ಕೂರಿಸಿಕೊಂಡು ಹರಿಹರದ ಬಸ್ಸು ಹತ್ತಿದ. ಹೇಗೂ ಕಾಲೇಜಿಗೆ ಹೋಗಿ ಮಗಳ ಸಾಮಾನು ತರಬೇಕಿತ್ತು. ಅಲ್ಲಿನ ಅಟೆಂಡರ್ ಗುತ್ತೆಪ್ಪ ಒಂದು ಕೊಡೆ, ಒಂದು ಟಿಫಿನ್ ಡಬ್ಬಿ, ಒಂದು ದಪ್ಪ ನೋಟ್‌ಬುಕ್ ತಂದು ಕೈಗಿಟ್ಟು, "ಚಾ ಕುಡಿತೀರೇನ್ರಿ?" ಎಂದ. ಟಿಫಿನ್ ಡಬ್ಬಿಯಲ್ಲಿ ಆ ಕೊನೆಯ ದಿನದ ಚಿತ್ರಾನ್ನದ ಸಾಸಿವೆ ಇನ್ನೂ ಅಂಟಿತ್ತು.

ಹೊಳೆಯ ದಂಡೆಯಲ್ಲಿ ಕೂತು ಕೆಂಚಣ್ಣ ಡಬ್ಬಿಯ ಮುಚ್ಚಳ ತೆಗೆದ. ಹಲ್ಲಿ ಓಡಲಿಲ್ಲ. ಗಾಳಿ ತಣ್ಣಗಿತ್ತು. ಅದು ಮೆಲ್ಲಗೆ ಹೆಜ್ಜೆ ಇಟ್ಟು ಬೆಚ್ಚಗಿದ್ದ ಅವನ ಅಂಗೈಗೆ ಬಂದು, ಹೊಟ್ಟೆ ಊರಿ ಮಲಗಿತು. ನಲವತ್ತು ವರ್ಷ ಕಾವು ಹೀರಿದ ಅಂಗೈ ಅದು. ಹಲ್ಲಿ ಕಣ್ಣು ಮುಚ್ಚಿತು. ಗೋಡೆಯ ಹಲ್ಲಿಗೆ ರೆಪ್ಪೆ ಇರುವುದಿಲ್ಲ, ಇದಕ್ಕಿತ್ತು.

ಇನ್ನೊಂದು ಕೈಯಲ್ಲಿ ನೋಟ್‌ಬುಕ್ ಬಿಡಿಸಿದ. ಮಗಳ ದುಂಡು ಅಕ್ಷರ. 'ಬೆಲ್ಲನ ಪುಸ್ತಕ' ಎಂದು ಮೇಲೆ ಬರೆದಿದ್ದಳು. ಇಂಗ್ಲಿಷ್ ಬಾರದ ತನ್ನ ಕಾಲೇಜಿನ ಮಕ್ಕಳಿಗೆ ಓದಲಿಕ್ಕೆಂದು ಆ ಹಲ್ಲಿಯ ಬದುಕನ್ನೆಲ್ಲ ಕನ್ನಡದಲ್ಲಿ ಬರೆದಿಡುತ್ತಿದ್ದಳು. ಕೆಂಚಣ್ಣ ಅಕ್ಷರ ಕೂಡಿಸಿ ಓದಿದ: 'ಈ ಜಾತಿಯ ಹಲ್ಲಿ ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ. ಬೆಲ್ಲನಿಗೆ ಈಗ ಐದು. ನನ್ನ ತಲೆ ಹಣ್ಣಾಗುವವರೆಗೆ ಜೊತೆಗಿರುತ್ತದೆ.'

ಅವನು ಅಲ್ಲೇ ಕೂತು ಅತ್ತ. ಅತ್ತು ಮುಗಿದ ಮೇಲೆ ಮನಸ್ಸಿನಲ್ಲಿ ಎಣಿಸಿದ. ಈಗ ಐದು, ಇನ್ನೂ ಹದಿನೈದು. ಅಷ್ಟು ವರ್ಷ ತಾನು ಇರುವುದಿಲ್ಲ, ಹೊಗೆ ಕುಡಿದ ಎದೆ ಅಷ್ಟು ದೂರ ಎಳೆಯುವುದಿಲ್ಲ. ಮಗಳ ಕೈಯ ತುತ್ತು ಉಂಡ ಒಂದು ಜೀವ ತಾನು ಹೋದ ಮೇಲೂ ಈ ಭೂಮಿಯ ಮೇಲೆ ಉಸಿರಾಡುತ್ತಿರಬೇಕು. ಅದೊಂದೇ ಸಾಕು, ಇನ್ನೇನೂ ಬೇಡ. ಡಬ್ಬಿಯ ಮುಚ್ಚಳ ಹಾಕಿಕೊಂಡು ವಾಪಸ್ ಬಸ್ಸು ಹತ್ತಿದ.

ಉಚ್ಚೆಂಗೆಮ್ಮ ಡಬ್ಬಿ ನೋಡಿದಳು, ಗಂಡನ ಮುಖ ನೋಡಿದಳು, ತಟ್ಟೆ ಹಾಕಲು ಒಳಗೆ ಹೋದಳು.

ನೋಟ್‌ಬುಕ್ಕಿನಲ್ಲಿ ಬರೆದ ಪುಟ ಅರವತ್ತಮೂರು. ಕೆಂಚಣ್ಣ ಎಣಿಸಿ ನೋಡಿದ, ಓದಲಿಲ್ಲ. ಕೊಕ್ಕನೂರಿನಲ್ಲಿ ಅವನಪ್ಪ ಶ್ರಾವಣದಲ್ಲಿ ಪುರಾಣ ಓದುತ್ತಿದ್ದ. ಕೈಕಾಲು ತೊಳೆದು, ದೀಪ ಹಚ್ಚಿ, ದಿನಕ್ಕೆ ಒಂದೇ ಸಂಧಿ. ಮುಂದಿನದನ್ನು ತಿರುವಿ ನೋಡಿದರೆ ಅಪ್ಪನ ಕೈ ಬೆನ್ನಿಗೆ ಬೀಳುತ್ತಿತ್ತು. ಪುರಾಣ ತಾನಾಗಿ ಬರಬೇಕು, ನಾವು ಎಳೆದು ತರಬಾರದು ಎಂಬುದು ಅವನ ಕಟ್ಟಳೆ. ಕೆಂಚಣ್ಣನೂ ಹಾಗೇ ಮಾಡಿದ. ದೀಪಾವಳಿ ಕಳೆದ ಮೊದಲ ಸೋಮವಾರ ತಲೆಗೆ ನೀರು ಹಾಕಿಕೊಂಡು, ಮಗಳ ಫೋಟೋದ ಮುಂದೆ ದೀಪ ಹಚ್ಚಿ, ಪೆಟ್ಟಿಗೆಯ ಪಕ್ಕ ಕೂತು ಗಟ್ಟಿಯಾಗಿ ಒಂದು ಪುಟ ಓದಿದ. ಮುಂದಿನ ಸೋಮವಾರ ಇನ್ನೊಂದು.

"ಒಂದೇ ಸಲ ಓದಿ ಮುಗಿಸಬಾರದೇನ್ರಿ?" ಎಂದಳು ಉಚ್ಚೆಂಗೆಮ್ಮ. "ಹಲ್ಲಿಗೆ ಏನ್ ಬೇಕು ಏನ್ ಬ್ಯಾಡ ಅಂತ ಗೊತ್ತಾಗ್ತಿತ್ತು."

"ಓದಿ ಮುಗಿಸಿದ್ರೆ ಮುಗಿತಲ್ಲೇ" ಎಂದ ಅವನು. "ಆಮ್ಯಾಕೆ ಅವಳು ಏನ್ ಹೇಳ್ತಾಳೆ?"

ಉಚ್ಚೆಂಗೆಮ್ಮನೂ ಸೆರಗು ಹೊದ್ದು ಬಾಗಿಲ ಬಳಿ ಕೂತು ಕೇಳತೊಡಗಿದಳು.

ಹೀಗೆ ಸೋಮವಾರಕ್ಕೊಂದರಂತೆ ಅವರು ಬೆಲ್ಲನನ್ನು ಕಲಿತರು. ತೌಡಿನಲ್ಲಿ ಹುಳ ಬೆಳೆಸಿ ಸಂಜೆ ಕೊಡಬೇಕು. ಕೊಡುವ ಮೊದಲು ಡಬ್ಬಿಯಲ್ಲಿರುವ ಬಿಳಿ ಪುಡಿಯಲ್ಲಿ ಹೊರಳಿಸಬೇಕು. ಹುಳ ಕಂಡಾಗ ಅದು ಬಾಲದ ತುದಿಯನ್ನು ಮೆಲ್ಲಗೆ ಅಲ್ಲಾಡಿಸುತ್ತದೆ, ಆಮೇಲೆ ಹಾರುತ್ತದೆ. ಉಂಡದ್ದರಲ್ಲಿ ಉಳಿದದ್ದು ಕೊಬ್ಬಾಗಿ ಬಾಲಕ್ಕೆ ಸೇರುತ್ತದೆ, ಬರಗಾಲದಲ್ಲಿ ಅದೇ ಅದರ ಕಣಜ. ಜೀವಕ್ಕೆ ಸಂಚಕಾರ ಬಂದರೆ ಆ ಕಣಜವನ್ನೇ ಕಳಚಿ ಕೊಟ್ಟು ಓಡುತ್ತದೆ. ಪೊರೆ ಬಿಡುವಾಗ ಒದ್ದೆಯ ಗೂಡು ಬೇಕು, ಬಿಟ್ಟ ಪೊರೆಯನ್ನು ತಾನೇ ತಿನ್ನುತ್ತದೆ. ಪೆಟ್ಟಿಗೆಯ ಒಂದು ಮಗ್ಗುಲು ಬೆಚ್ಚಗಿರಬೇಕು, ಇನ್ನೊಂದು ತಂಪಾಗಿರಬೇಕು, ಎಲ್ಲಿರಬೇಕೆಂದು ಅದೇ ಆರಿಸಿಕೊಳ್ಳುತ್ತದೆ.

ಕಾವಿನ ಮಾತು ಬಂದ ಸೋಮವಾರ ಕೆಂಚಣ್ಣನ ಮುಖದಲ್ಲಿ, ಮಗಳು ಹೋದ ಮೇಲೆ ಮೊದಲ ಸಲ, ಸ್ವಲ್ಪ ಗೆಲುವು ಕಂಡಿತು. ಮಗಳು ಬಲ್ಬು ಹಾಕುತ್ತಿದ್ದಳು. ಕರೆಂಟು ಹೋದರೆ ಬಲ್ಬು ಎಲ್ಲಿಯದು? ಡಿಸೆಂಬರಿನ ಚಳಿಯಲ್ಲಿ ಅವನು ದಿನಾ ಭಟ್ಟಿಯಿಂದ ಕಾದ ಮರಳನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಗೋಣಿತಾಟಿನಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು ಬಂದು ಪೆಟ್ಟಿಗೆಯ ಒಂದು ಮಗ್ಗುಲ ಕೆಳಗೆ ಇಡುತ್ತಿದ್ದ. ಅಂಗೈ ಹಿಡಿದು ನೋಡಿ, ಹೆಚ್ಚಾದರೆ ಇನ್ನೊಂದು ಮಡಿಕೆ ತಾಟು. ಬೆಲ್ಲ ಆ ಮಗ್ಗುಲಿಗೇ ಬಂದು ಕೈಕಾಲು ಚಾಚಿ ಮಲಗುತ್ತಿತ್ತು. ನಲವತ್ತು ವರ್ಷದ ವಿದ್ಯೆ ಮಗಳ ಒಂದು ಕೆಲಸಕ್ಕಾದರೂ ಬಂತಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಉಚ್ಚೆಂಗೆಮ್ಮ ಬದಲಾದದ್ದು ಫೆಬ್ರವರಿಯಲ್ಲಿ. ಪೆಟ್ಟಿಗೆ ಒರೆಸಲು ಕೆಂಚಣ್ಣ ಮುಚ್ಚಳ ತೆಗೆದಿದ್ದಾಗ ಬೆಲ್ಲ ನೆಲಕ್ಕಿಳಿದು, ಪಲ್ಯಕ್ಕೆ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅವಳ ಪಾದ ಹತ್ತಿ ದಾಟಿತು. ಪಾದದ ಮೇಲೆ ಹಲ್ಲಿ ಹರಿದರೆ ಕೇಡು ಎಂದು ಕೇಳಿದ್ದಳು. ಮೂರು ದಿನ ಕಾದಳು, ವಾರ ಕಾದಳು, ಏನೂ ಆಗಲಿಲ್ಲ. ಆಗುವ ಕೇಡೆಲ್ಲ ಆಗಿಹೋದ ಮನೆಯಲ್ಲಿ ಶಕುನಕ್ಕೂ ಕೆಲಸವಿಲ್ಲ.

"ಅದರ ಕಾಲು ಎಷ್ಟು ಮೆತ್ತಗೈತ್ರಿ" ಎಂದಳು ಎಂಟನೆಯ ದಿನ. "ಹಸುಗೂಸಿನ ಬೆರಳು ಇದ್ದಂಗೆ."

ಅಲ್ಲಿಂದ ತೌಡಿನ ಹುಳಗಳ ಜವಾಬ್ದಾರಿ ಅವಳದಾಯಿತು. ಹುಳಗಳಿಗೆ ಕ್ಯಾರೆಟ್ ಸಿಪ್ಪೆ ಹಾಕುವಳು, ಸಂಜೆ ಬೆಲ್ಲನನ್ನು ಕರೆಯುವಳು. ಮೈಲಮ್ಮ ಬಂದು ಮೂಗು ಮುರಿದರೆ, "ನಿನ್ನ ಮನೆ ಗೋಡೆ ಮ್ಯಾಲೆ ಹನ್ನೆರಡು ಅದಾವೆ, ನಮ್ಮದು ಒಂದು, ಅದೂ ಗೋಡೆ ಹತ್ತಂಗಿಲ್ಲ" ಎನ್ನುವಳು. ಆ ಮನೆಯಲ್ಲಿ ನಗು ಮರಳಿತು ಎಂದು ನಾನು ಹೇಳುತ್ತಿಲ್ಲ. ಇಬ್ಬರಿಗೂ ಸಂಜೆ ಆರು ಗಂಟೆಗೆ ಮಾಡಲು ಒಂದು ಕೆಲಸವಾಯಿತು, ಅಷ್ಟೇ.

ಬೇಸಿಗೆ ಕಳೆಯಿತು. ಆಗಸ್ಟ್ ಹೊತ್ತಿಗೆ ಬಿಳಿ ಪುಡಿಯ ಡಬ್ಬಿ ಖಾಲಿಯಾಯಿತು. ಕೆಂಚಣ್ಣ ಖಾಲಿ ಡಬ್ಬಿ ಹಿಡಿದು ಮೆಡಿಕಲ್ ಶಾಪಿಗೆ ಹೋದ. ಅಂಗಡಿಯವನು ತಿರುಗಿಸಿ ನೋಡಿ, "ಇದು ಇಲ್ಲಿ ಸಿಗಂಗಿಲ್ಲ ಯಜಮಾನ್ರೆ, ಆನ್‌ಲೈನ್ ತರಿಸಬೇಕು" ಎಂದ. ತರಿಸುವುದು ಹೇಗೆಂದು ಇವನಿಗೆ ತಿಳಿಯದು, ಕೇಳಲು ಸಂಕೋಚ. ಉಪ್ಪಿನಕಾಯಿ ಇಲ್ಲದಿದ್ದರೆ ಊಟ ನಿಲ್ಲುತ್ತದೆಯೇ ಎಂದುಕೊಂಡು ಮನೆಗೆ ಬಂದ. ಹುಳಗಳನ್ನು ಹಾಗೇ ಕೊಡತೊಡಗಿದರು.

ಗಣಪತಿ ಹಬ್ಬದ ಎದುರಿಗೆ ಬಂದ ಸೋಮವಾರ ನಲವತ್ತನಾಲ್ಕನೆಯ ಪುಟದ ಸರದಿ. ಹೊರಗೆ ಜಿಟಿಜಿಟಿ ಮಳೆ. ಕೆಂಚಣ್ಣ ಓದಿದ: 'ಬೆಲ್ಲನ ಪೂರ್ವಿಕರ ಊರು ಪಶ್ಚಿಮ ಆಫ್ರಿಕಾದಲ್ಲಿ, ದೊಡ್ಡ ಮರುಭೂಮಿಯ ಕೆಳಗಿನ ಒಣ ಹುಲ್ಲಿನ ಸೀಮೆ. ಕಲ್ಲು, ಗಟ್ಟಿ ಮಣ್ಣು, ಅಲ್ಲಲ್ಲಿ ಮರಳು. ಹಗಲೆಲ್ಲ ಬಿಲದಲ್ಲಿದ್ದು ಕತ್ತಲಾದ ಮೇಲೆ ಹೊರಬಂದರೆ, ಹಗಲಿನ ಬಿಸಿಲಿಗೆ ಕಾದ ನೆಲ ಆಗಲೂ ಬೆಚ್ಚಗಿರುತ್ತದೆ. ಬೆಲ್ಲ ಆ ನೆಲವನ್ನು ಕಂಡೇ ಇಲ್ಲ. ಪಾಪ, ಅದು ಹುಟ್ಟಿದ್ದೇ ಯಾರದೋ ಪೆಟ್ಟಿಗೆಯಲ್ಲಿ.'

ಉಚ್ಚೆಂಗೆಮ್ಮ ಲೊಚ್ಚೆಂದಳು. ಕೆಂಚಣ್ಣ ಪುಸ್ತಕ ಮುಚ್ಚಿ ಬಹಳ ಹೊತ್ತು ಪೆಟ್ಟಿಗೆಯ ತಳದಲ್ಲಿದ್ದ ಪೇಪರನ್ನೇ ನೋಡಿದ. ಯಾವುದೋ ಚುನಾವಣೆಯ ಫೋಟೋ, ಮೇಲೆ ಹಲ್ಲಿಯ ಹಿಕ್ಕೆ. ಹುಟ್ಟಿದಾಗಿನಿಂದ ತನ್ನ ನೆಲ ತುಳಿಯದ ಪ್ರಾಣಿ ಇದು. ಮಗಳಿಗೆ ನಾಚಿಕೆ ಇದ್ದಿರಲಿ, ಇಲ್ಲದಿರಲಿ, ಆ ಮಾತು ಅವಳ ಜೊತೆಗೇ ಹೋಯಿತು. ಅವಳು ಕೇಳದ್ದನ್ನು ತಾನೇ ಕೊಟ್ಟರೆ ಬೇಡ ಎನ್ನುವವರು ಯಾರು?

ಮರುದಿನ ಭಟ್ಟಿಯಲ್ಲಿ ಒಳ್ಳೆಯ ಮರಳು ಆರಿಸಿ, ಮತ್ತೆ ಎರಡು ಸಲ ಜರಡಿ ಹಿಡಿದ.

"ಮಗಳ ಮದುವಿ ಅಕ್ಕಿ ಆರಿಸಿದಂಗೆ ಆರಿಸ್ತಿ" ಎಂದ ರಶೀದಾ ನಾಲಗೆ ಕಚ್ಚಿಕೊಂಡಳು. "ತಗಂಡು ಹೋಗು ಕೆಂಚಣ್ಣ, ಎಷ್ಟು ಬೇಕೋ ತಗಂಡು ಹೋಗು."

ಪೇಪರು ತೆಗೆದು ನಾಲ್ಕು ಬೆರಳು ಮರಳು ಹಾಸಿದ. ಬೆಲ್ಲ ಮೊದಲು ಒಂದು ಕಾಲು ಇಟ್ಟಿತು, ಆಮೇಲೆ ಇನ್ನೊಂದು. ತಲೆ ತಗ್ಗಿಸಿ ನಾಲಗೆ ಚಾಚಿ ಮರಳನ್ನು ನೆಕ್ಕಿತು. ಮತ್ತೆ ನೆಕ್ಕಿತು.

"ನೋಡ್ರಿ, ನೋಡ್ರಿ" ಎಂದಳು ಉಚ್ಚೆಂಗೆಮ್ಮ. "ಮಣ್ಣಿಗೆ ಮುತ್ತು ಕೊಡ್ತೈತೆ."

ಕೆಂಚಣ್ಣನ ಕಣ್ಣು ತುಂಬಿದವು. ಊರು ನೆನಪಾಯಿತು ಅದಕ್ಕೆ ಎಂದುಕೊಂಡ. ಅಂದು ರಾತ್ರಿ ಅವನು ಒಂದು ವರ್ಷದಲ್ಲಿ ಮಾಡದಂಥ ನಿದ್ದೆ ಮಾಡಿದ.

ಐದು ಸೋಮವಾರ ಕಳೆದವು. ಬೆಲ್ಲ ದಿನಾ ಮರಳು ನೆಕ್ಕುತ್ತಿತ್ತು, ಹುಳದ ಜೊತೆ ಮರಳನ್ನೂ ಬಾಯಿಗೆ ತುಂಬಿಕೊಳ್ಳುತ್ತಿತ್ತು. ನಾಲ್ಕನೆಯ ವಾರ ಹುಳ ಬಿಟ್ಟಿತು. ಹೊಟ್ಟೆ ಉಬ್ಬಿತು, ಬಾಲ ಸೊರಗಿತು. ಪೊರೆ ಬಿಡುವ ಕಾಲ ಇರಬೇಕು ಎಂದುಕೊಂಡು ಒದ್ದೆ ಗೂಡಿಟ್ಟರು. ಅದು ಅತ್ತ ಹೋಗಲೇ ಇಲ್ಲ. ಐವತ್ತನೆಯ ಪುಟ ಓದಿದ ಸೋಮವಾರ ಸಂಜೆ ಹಿಂಗಾಲು ಎಳೆಯತೊಡಗಿತು.

ಮಂಗಳವಾರ ಬೆಳಿಗ್ಗೆ ಅದೇ ಮಂಡಕ್ಕಿ ಡಬ್ಬಿ, ಅದೇ ಬಸ್ಸು. ಹರಿಹರದಲ್ಲಿ ನಾಯಿ ಬೆಕ್ಕುಗಳನ್ನು ನೋಡುವ ಡಾಕ್ಟರ್ ಪ್ರಶಾಂತ ಎಂಬುವನ ಕ್ಲಿನಿಕ್ಕಿಗೆ ಪ್ರೇಮಲತಾ ವರ್ಷಕ್ಕೊಮ್ಮೆ ಬೆಲ್ಲನನ್ನು ಒಯ್ಯುತ್ತಿದ್ದಳೆಂದು ನೋಟ್‌ಬುಕ್ಕಿನಲ್ಲಿ ಓದಿದ್ದ. ಡಾಕ್ಟರು ಹಲ್ಲಿಯನ್ನು ನೋಡಿದೊಡನೆ ಗುರುತು ಹಿಡಿದ. ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದ. ಸಣ್ಣ ಬೆನ್ನೆಲುಬು, ಸಣ್ಣ ಪಕ್ಕೆಗಳು, ಅವುಗಳ ನಡುವೆ ಗಂಟಲಿನಿಂದ ಬಾಲದ ಬುಡದವರೆಗೆ ಬೆಳ್ಳಗೆ ಹೊಳೆಯುವ ಒಂದು ಮುದ್ದೆ.

"ಮರಳು" ಎಂದ ಡಾಕ್ಟರ್. "ಹೊಟ್ಟೆ ತುಂಬ ಮರಳೇ ಐತೆ ನೋಡ್ರಿ. ಕರುಳು ಪೂರಾ ಕಟ್ಟೈತೆ. ಕ್ಯಾಲ್ಸಿಯಂ ಪುಡಿ ಕೊಡ್ತಾ ಇದ್ರಾ?"

"ಬಿಳಿ ಪುಡಿ... ಮುಗೀತ್ರಿ."

"ಅದು ಇಲ್ದಿದ್ರೆ ಇವು ಮಣ್ಣು ನೆಕ್ತಾವೆ. ಸಣ್ಣ ಮರಳು, ಉಪ್ಪಿನ ಮರಳು ಆದ್ರಂತೂ ಬಿಡಂಗೇ ಇಲ್ಲ. ಎಲ್ಲಿಂದ ಸಿಕ್ತು ಇದಕ್ಕೆ?"

ಕೆಂಚಣ್ಣ ತನ್ನ ಅಂಗೈ ನೋಡಿಕೊಂಡ. ಡಾಕ್ಟರು ವಯಸ್ಸಾದವನ ಮುಖ ನೋಡಿ ದನಿ ತಗ್ಗಿಸಿದ. "ಮೇಡಂಗೆ ಇದೆಲ್ಲ ಗೊತ್ತಿತ್ತಲ್ರಿ. ನಿಮಗೆ ಹೇಳಿರಲಿಲ್ವಾ?"

ಬಿಸಿನೀರಿನಲ್ಲಿ ಕೂರಿಸಿ, ಎರಡು ತೊಟ್ಟು ಎಣ್ಣೆ ಬಿಟ್ಟು, ಹೊಟ್ಟೆ ಮೆಲ್ಲಗೆ ನೀವಿ ನೋಡ್ರಿ ಎಂದು ಹೇಳಿ ಕಳಿಸಿದ. ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ. ಗಂಡ ಹೆಂಡತಿ ರಾತ್ರಿಯೆಲ್ಲ ಸರದಿಯ ಮೇಲೆ ನೀವಿದರು. ಬುಧವಾರ ಮಧ್ಯಾಹ್ನ ಬೆಲ್ಲ ಕೆಂಚಣ್ಣನ ಅಂಗೈಯಲ್ಲೇ ಕಣ್ಣು ಮುಚ್ಚಿತು. ನಿದ್ದೆಯೋ ಸಾವೋ ತಿಳಿಯದೆ ಇಬ್ಬರೂ ಬಹಳ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಅದು ತಣ್ಣಗಾಯಿತು. ಅವನ ಕೈಗೆ ಅದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ಉಚ್ಚೆಂಗೆಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮಗಳ ಹಳೆಯ ದುಪಟ್ಟಾದ ಚೂರು ಹರಿದು ಸುತ್ತಿ, ಮನೆಯ ಹಿಂದಿನ ನುಗ್ಗೆ ಗಿಡದ ಬುಡದಲ್ಲಿ ಮಣ್ಣು ಮಾಡಿ, ಕೈ ತೊಳೆದು ಬಂದಳು. ಮಗಳ ವರ್ಷದ ಕಾರ್ಯಕ್ಕೆ ಇನ್ನು ಎಂಟು ದಿನ ಉಳಿದಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಂಚಣ್ಣ ಮಾಡಬಾರದ್ದನ್ನು ಮಾಡಿದ. ಸೋಮವಾರವಲ್ಲದ ದಿನ, ಸ್ನಾನವಿಲ್ಲದೆ, ನೋಟ್‌ಬುಕ್ ತೆಗೆದ. ಐವತ್ತೊಂದನೆಯ ಪುಟ ತಿರುವಿದ, ಮೊಟ್ಟೆಯ ಸಂಗತಿ. ಐವತ್ತೆರಡು ತಿರುವಿದ. ಅಲ್ಲಿ ನಿಂತ.

"ಏನ್ ಬರ್ದಾಳೆ?" ಎಂದಳು ಉಚ್ಚೆಂಗೆಮ್ಮ ಬಾಗಿಲ ಬಳಿಯಿಂದ. "ಗಟ್ಟಿಯಾಗಿ ಓದ್ರಿ."

ಅವನು ಓದಿದ. ಯಾವತ್ತಿನ ಹಾಗೆ ಅಕ್ಷರ ಕೂಡಿಸಿ, ನಿಧಾನವಾಗಿ ಓದಿದ:

'ನೆಲಕ್ಕೆ ಮರಳು ಹಾಸಬಾರದು. ಒಣ ಸೀಮೆಯ ಹಲ್ಲಿ ಎಂದು ಎಲ್ಲರೂ ಮೊದಲು ಮಾಡುವ ತಪ್ಪೇ ಇದು. ಮರಳು ಹೊಟ್ಟೆಗೆ ಹೋದರೆ ಕರುಳು ಕಟ್ಟಿ ಸಾಯುತ್ತದೆ. ಪೇಪರೇ ಒಳ್ಳೆಯದು. ಅಪ್ಪನ ಹತ್ತಿರ ಇಡೀ ಜಿಲ್ಲೆಯಲ್ಲೇ ಒಳ್ಳೆಯ ಮರಳು ಇದೆ. ಪೆಟ್ಟಿಗೆಯ ಕಡೆ ಆಸೆಯಿಂದ ನೋಡುತ್ತಾನೆ, ನಾನು ಕೇಳಲಿ ಅಂತ ಕಾಯುತ್ತಿದ್ದಾನೆ ಎಂದು ನನಗೆ ಗೊತ್ತು. ಕೇಳಿದರೆ ಚೀಲಗಟ್ಟಲೆ ಹೊತ್ತು ತರುತ್ತಾನೆ. ಬೇಡ ಎಂದರೆ ಮುಖ ಸಪ್ಪಗಾಗುತ್ತದೆ. ಅದಕ್ಕೇ ಮರಳಿನ ಸುದ್ದಿಯನ್ನೇ ಎತ್ತಿಲ್ಲ. ಒಂದು ದಿನ ಕೂರಿಸಿಕೊಂಡು ಸಮಾಧಾನವಾಗಿ ಹೇಳಬೇಕು.'

ಉಚ್ಚೆಂಗೆಮ್ಮ ಸೆರಗಿನಲ್ಲಿ ಬಾಯಿ ಒತ್ತಿಕೊಂಡಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಕೆಂಚಣ್ಣನಿಗೆ ಬುದ್ಧಿ ಬರಲು ಇನ್ನೆರಡು ಸೋಮವಾರ ಸಾಕಾಗಿತ್ತು. ಮಗಳಿಗೆ ನಾಚಿಕೆ ಇರಲಿಲ್ಲ. ಹದಿನೈದು ವರ್ಷ ಎದೆಯಲ್ಲಿಟ್ಟುಕೊಂಡ ಮುಳ್ಳು ಇವತ್ತು ಹೊರಗೆ ಬಂತು. ಬಂದು ಏನು ಪ್ರಯೋಜನ? ಅವನು ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ.

ಅತ್ತ ಮೇಲೆ ಮೂಗು ಒರೆಸಿಕೊಂಡು ಮುಂದಿನ ಪುಟ ತಿರುವಿದ.

"ಸಾಕು ಬಿಡ್ರಿ" ಎಂದಳು ಉಚ್ಚೆಂಗೆಮ್ಮ. "ಉಳಿದದ್ದು ಸೋಮವಾರಕ್ಕೆ ಇರಲಿ."

"ಯಾಕ ಇಡಬೇಕು?" ಎಂದ.

ಉಳಿದ ಹನ್ನೊಂದು ಪುಟಗಳನ್ನು ಒಂದೇ ಪಟ್ಟಿಗೆ ಕೂತು ಓದಿದ. ಅರವತ್ತಮೂರನೆಯ ಪುಟದಲ್ಲಿ ಬೆಲ್ಲನ ತೂಕ ಬರೆದಿತ್ತು, ಕೆಳಗೆ ತಾರೀಖು. ಅದರಾಚೆ ಗೆರೆ ಹಾಕಿದ ಖಾಲಿ ಹಾಳೆಗಳು. ಅವುಗಳನ್ನೂ ಒಂದೊಂದಾಗಿ ಕೊನೆಯವರೆಗೆ ತಿರುವಿ ನೋಡಿ ಪುಸ್ತಕ ಮುಚ್ಚಿದ.

ಪೆಟ್ಟಿಗೆಯಲ್ಲಿದ್ದ ಮರಳನ್ನು ಮರುದಿನ ಚೀಲಕ್ಕೆ ತುಂಬಿ ಭಟ್ಟಿಗೆ ಒಯ್ದ. ಹೊರಗೆ ಚೆಲ್ಲಲು ಮನಸ್ಸಾಗಲಿಲ್ಲ, ಗುಡ್ಡೆಗೇ ಸುರಿದ. ಸುರಿದ ಮೇಲೆ ಯಾವುದು ಯಾವ ಮರಳು ಎಂದು ಅವನಿಗೂ ಗುರುತು ಸಿಗಲಿಲ್ಲ. ಬಾಂಡ್ಲಿಯ ಮೇಲೆ ಅಂಗೈ ಹಿಡಿದು, "ಈಗ ಸುರೀರಿ" ಎಂದ. ಅಕ್ಕಿ ಎಂದಿನಂತೆಯೇ ಅರಳಿತು.

ಮುಂದಿನ ಸೋಮವಾರ ಬೆಳಿಗ್ಗೆ ಕೆಂಚಣ್ಣ ಭಟ್ಟಿಯ ಬಾಗಿಲಲ್ಲಿ ನಿಂತಿದ್ದನ್ನು ಕಂಡು ರಶೀದಾ ಬೆರಗಾದಳು.

"ಇದೇನು ಕೆಂಚಣ್ಣ, ಸೋಮವಾರ?"

"ಮನಿಯಾಗೆ ಏನೂ ಕೆಲಸ ಇಲ್ಲ ರಶೀದಕ್ಕ" ಎಂದು ಅವನು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ.